ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ? ಲಕ್ವಾ ಹೊಡೆದ ಅವ್ವನ ಆರೈಕೆಯ ಐದು ತಿಂಗಳು

ಅವ್ವನಿಗೆ ಲಕ್ವಾ ಹೊಡೆದದ್ದು ಸೆಪ್ಟೆಂಬರ್‌ನಲ್ಲಿ. ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು, ನೀರು ಕುಡಿಸಿದರೆ ಕೆಮ್ಮು. ವಯಸ್ಸು 74, ತೂಕ 68 ಕೆ.ಜಿ., ಮೊದಲಿಂದಲೂ ಸಕ್ಕರೆ ಕಾಯಿಲೆ. ಕಲಬುರಗಿಯ ಆಸ್ಪತ್ರೆಯಲ್ಲಿ 17 ದಿನ ಇದ್ದು ಹೊರಬಂದಾಗ ಮೂಗಿನಲ್ಲಿ ಹೊಟ್ಟೆಗೆ ಗಂಜಿ ಇಳಿಸುವ ರೈಲ್ಸ್ ಟ್ಯೂಬ್, ಕೆಳಗೆ ಮೂತ್ರ ಹೋಗುವ ನಳಿಕೆ ಅಂದರೆ ಕ್ಯಾಥೆಟರ್, ದಿನಕ್ಕೆರಡು ಹೊತ್ತು ಇನ್ಸುಲಿನ್. ಈಗ ಫೆಬ್ರುವರಿ. ಈ ನಡುವೆ ಏನೇನು ಕೇಳಬೇಕಿತ್ತು, ಎಲ್ಲಿ ಎಡವಿದೆವು ಎಂಬುದನ್ನು ಇದೇ ದಾರಿಯಲ್ಲಿ ಹೊರಟವರಿಗಾಗಿ ಬರೆದಿಡುತ್ತಿದ್ದೇನೆ. ನಾನು 22 ವರ್ಷ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಹಾಗಾಗಿ ಇದರಲ್ಲಿ ವಾರ್ಡಿನ ಲೆಕ್ಕಾಚಾರವೇ ಹೆಚ್ಚು.

ಡಿಸ್ಚಾರ್ಜ್ ದಿನದಿಂದಲೇ ಶುರು ಮಾಡಬೇಕು. ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಸಮರಿಯಲ್ಲಿ ರೋಗದ ಹೆಸರು, ಮಾತ್ರೆಗಳ ಪಟ್ಟಿ ಇದ್ದೇ ಇರುತ್ತದೆ. ಆರೈಕೆ ಕೇಂದ್ರಕ್ಕೆ ಬೇಕಾದದ್ದು ಬಹಳಷ್ಟು ಸಲ ಇರುವುದಿಲ್ಲ. ಕ್ಯಾಥೆಟರ್ ಹಾಕಿದ ತಾರೀಖು, ಅದರ ಸೈಜು, ಅದು ಲೇಟೆಕ್ಸೋ ಸಿಲಿಕಾನೋ, ರೈಲ್ಸ್ ಟ್ಯೂಬ್ ಹಾಕಿದ ತಾರೀಖು, ಮೂಗಿನ ಅಂಚಿನಲ್ಲಿ ಎಷ್ಟನೇ ಗುರುತಿಗೆ ಪ್ಲಾಸ್ಟರ್ ಹಚ್ಚಿದ್ದಾರೆ, ಹೊತ್ತಿಗೆ ಎಷ್ಟು ಎಂ.ಎಲ್. ಹಾಕುತ್ತಿದ್ದರು — ಇಷ್ಟನ್ನೂ ಬರೆಸಿಕೊಳ್ಳಿ. ಸಿಲಿಕಾನ್ ಕ್ಯಾಥೆಟರ್ ಸುಮಾರು 12 ವಾರ ಇರಬಹುದು, ಲೇಟೆಕ್ಸ್ ಆದರೆ ಕೆಲವೇ ವಾರ. ತಾರೀಖು ಗೊತ್ತಿಲ್ಲದಿದ್ದರೆ ಯಾವಾಗ ಬದಲಿಸಬೇಕೆಂಬುದೇ ಗೊತ್ತಾಗದು.

ಇನ್ನೊಂದು ಸಾಲು ಕಡ್ಡಾಯ: ಚರ್ಮದ ಸ್ಥಿತಿ. ಬಾಲಮೂಳೆಯ ಮೇಲೆ, ಎರಡೂ ಹಿಮ್ಮಡಿ, ಟೊಂಕದ ಎರಡೂ ಬದಿ, ಮೊಣಕೈ, ತಲೆಯ ಹಿಂಭಾಗ ಇವುಗಳನ್ನು ನರ್ಸ್ ಎದುರಿಗೇ ನೋಡಿ, ಕೆಂಪಗಾಗಿದೆಯೋ ಇಲ್ಲವೋ ಬರೆಸಿ. ತಾರೀಖು ಬರುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಮಗ್ಗಲು ಬದಲಿಸದೆ ಮಲಗಿದಲ್ಲೇ ಮಲಗಿದರೆ ಒತ್ತಿದ ಜಾಗದಲ್ಲಿ ಹುಣ್ಣಾಗುತ್ತದೆ. ನಾಳೆ ಅಂಥ ಹುಣ್ಣು ಕಂಡರೆ ಆಸ್ಪತ್ರೆಯಿಂದ ಬಂದಿದ್ದು ಅಂತ ಕೇಂದ್ರದವರು, ಇಲ್ಲಿಂದ ಹೋಗುವಾಗ ಇರಲಿಲ್ಲ ಅಂತ ಆಸ್ಪತ್ರೆಯವರು ಹೇಳುತ್ತಾರೆ. ಆ ಜಗಳ ನಡೆಯುವಷ್ಟರಲ್ಲಿ ಹುಣ್ಣು ಬೆಳೆದಿರುತ್ತದೆ.

ಮೊದಲ 19 ದಿನ ಮನೆಯಲ್ಲೇ ನೋಡಿಕೊಂಡೆವು. ಏಜೆನ್ಸಿಗೆ 2,000 ರೂಪಾಯಿ ನೋಂದಣಿ, 24 ಗಂಟೆ ಇರುವವರಿಗೆ ದಿನಕ್ಕೆ 900. ‘ಹೋಮ್ ನರ್ಸ್’ ಅಂತ ಹೇಳಿ ಕಳಿಸಿದ್ದರು. ಬಂದ ಮೂವರೂ ನರ್ಸ್ ಓದಿದವರಲ್ಲ, ಕೆಲವು ತಿಂಗಳ ತರಬೇತಿ ಪಡೆದ ಸಹಾಯಕಿಯರು. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಮೈ ಒರೆಸುವುದು, ಡೈಪರ್, ಮಗ್ಗಲು ಹೊಳ್ಳಿಸುವುದನ್ನು ಅವರು ಚೆನ್ನಾಗಿಯೇ ಮಾಡಿದರು. ಆದರೆ ಇನ್ಸುಲಿನ್ ಅಳೆಯುವುದು, ಟ್ಯೂಬ್ ಸರಿದಿದೆಯೇ ಎಂದು ತಿಳಿಯುವುದು ಅವರ ಕೆಲಸ ಅಲ್ಲ. ನರ್ಸಿಂಗ್ ಓದಿನಲ್ಲಿ ಎ.ಎನ್.ಎಂ. ಎರಡು ವರ್ಷದ ಕೋರ್ಸು, ಜಿ.ಎನ್.ಎಂ. ಮೂರು ವರ್ಷದ್ದು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಓದಿ ಮುಗಿಸಿದವರು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಬಿಳಿ ಕೋಟು ಯಾರಾದರೂ ತೊಡಬಹುದು, ಆದ್ದರಿಂದ ನೋಂದಣಿ ಸಂಖ್ಯೆ ಕೇಳಿ. ಕೇಳಿದರೆ ನಿಜವಾದ ನರ್ಸ್ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ರಾತ್ರಿ ಎರಡು ಗಂಟೆಗೊಮ್ಮೆ 68 ಕೆ.ಜಿ.ಯ ಮೈಯನ್ನು ಒಬ್ಬರೇ ಹೊಳ್ಳಿಸಲಾಗದೆ ಮೂರನೆಯ ಸಹಾಯಕಿ ಸೊಂಟ ಹಿಡಿದುಕೊಂಡು ಊರಿಗೆ ಹೋದಳು. ಕೇಂದ್ರ ಹುಡುಕಲು ಶುರು ಮಾಡಿದ್ದು ಆಗ.

ಇಲ್ಲಿ ‘ವೃದ್ಧಾಶ್ರಮ’ ಎಂಬ ಒಂದೇ ಬೋರ್ಡಿನ ಕೆಳಗೆ ಬೇರೆ ಬೇರೆ ಜಾತಿಯ ಸಂಸ್ಥೆಗಳಿವೆ. ಟ್ರಸ್ಟುಗಳು ಸರ್ಕಾರದ ಅನುದಾನದಲ್ಲಿ ನಡೆಸುವ ಉಚಿತ ಆಶ್ರಮಗಳು ಯಾರೂ ಇಲ್ಲದ, ಆದರೆ ಎದ್ದು ಓಡಾಡುವ ಹಿರಿಯರಿಗಾಗಿ ಇರುವಂಥವು. ಹಣ ಕಟ್ಟಿಸಿಕೊಂಡು ನರ್ಸ್ ಇಟ್ಟಿರುವ ಆರೈಕೆ ಕೇಂದ್ರಗಳು ಕಡಿಮೆ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಬೀದರಿನವರೆಗೂ ಹನ್ನೊಂದು ಕಡೆ ಫೋನ್ ಮಾಡಿದೆವು. “ನಡಿಯೋರಷ್ಟ ರೀ ನಮ್ಮಲ್ಲಿ” ಎಂಬ ಉತ್ತರವೇ ಜಾಸ್ತಿ. ಪೆಟ್ರೋಲು, ದಿನ ಎರಡೂ ಉಳಿಯಬೇಕೆಂದರೆ ಫೋನಿನಲ್ಲಿ ಮೊದಲ ಪ್ರಶ್ನೆ ಇದೇ ಇರಲಿ: “ರೈಲ್ಸ್ ಟ್ಯೂಬ್ ಇದ್ದವರನ್ನ ತಗೋತೀರೇನ್ರಿ?” ಹನ್ನೊಂದರಲ್ಲಿ ನಾಲ್ಕು ಕಡೆ ಹೂಂ ಅಂದರು. ಅದರಲ್ಲಿ ಎರಡು ಕಡೆ ಮೂರು ವಾರ ಕಾಯಬೇಕಿತ್ತು.

ಕೈಯಲ್ಲಿ ಹಣ ಇಲ್ಲದವರಿಗೆ ಒಂದು ಮಾತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಲ್ಲಿ ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಜನ ಇರಬಹುದಾದ ಆಶ್ರಮ ಕಟ್ಟುವ ಮಾತು ಇದೆ. ಮಕ್ಕಳು ಖರ್ಚು ಕೊಡದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹಿರಿಯರೇ, ಅವರಿಂದ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟವರು ಅರ್ಜಿ ಹಾಕಬಹುದು. ಕಾಯ್ದೆ ಇಟ್ಟ ಮಿತಿ ತಿಂಗಳಿಗೆ 10,000 ರೂಪಾಯಿ. ಹಾಸಿಗೆ ಹಿಡಿದವರ ಖರ್ಚಿಗೆ ಅದು ಸಾಲುವುದಿಲ್ಲ, ಆದರೂ ಅಣ್ಣ-ತಮ್ಮಂದಿರಲ್ಲಿ ಯಾರು ಎಷ್ಟು ಕೊಡಬೇಕೆಂಬ ಮಾತು ಅಲ್ಲಿಂದ ಕಾಗದಕ್ಕೆ ಬರುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕನ್ನಡದಲ್ಲೇ ಮಾತನಾಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಲ್ಕೂ ಕಡೆ ಮ್ಯಾನೇಜರುಗಳು ತೋರಿಸಿದ್ದು ಕೋಣೆ, ಟಿ.ವಿ., ಸೋಲಾರ್ ನೀರು, ದೇವರ ಕೋಣೆ. ಹಾಸಿಗೆ ಹಿಡಿದವರಿಗೆ ಇವುಗಳಿಂದ ಆಗುವ ಉಪಯೋಗ ಸ್ವಲ್ಪವೇ. ಅವರ ಯೋಗಕ್ಷೇಮ ನಿಂತಿರುವುದು ಒಂದೇ ಅಂಕಿಯ ಮೇಲೆ: ಒಬ್ಬ ನಿವಾಸಿಗೆ ದಿನದ 24 ಗಂಟೆಯಲ್ಲಿ ಎಷ್ಟು ಗಂಟೆಯ ಕೈಗಳು ಸಿಗುತ್ತವೆ. ಲೆಕ್ಕ ಸುಲಭ. ಆ ದಿನ ಕೆಲಸಕ್ಕೆ ಬಂದವರ ಗಂಟೆಗಳನ್ನೆಲ್ಲ ಕೂಡಿಸಿ, ನಿವಾಸಿಗಳ ಸಂಖ್ಯೆಯಿಂದ ಭಾಗಿಸಿ.

ನಾವು ಕೊನೆಗೆ ಆರಿಸಿದ ಕೇಂದ್ರದಲ್ಲಿ 24 ನಿವಾಸಿಗಳು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ನಾಲ್ವರು ಆಯಾ, ರಾತ್ರಿ ಇಬ್ಬರು. ಆರು ಜನ, ತಲಾ 12 ಗಂಟೆ, ಒಟ್ಟು 72. ಒಬ್ಬ ನರ್ಸ್ 8ರಿಂದ 2, ಇನ್ನೊಬ್ಬರು 2ರಿಂದ 8, ಸೇರಿ 12. ಒಟ್ಟು 84 ಗಂಟೆ. 24ರಿಂದ ಭಾಗಿಸಿದರೆ ಒಬ್ಬರಿಗೆ ಮೂರೂವರೆ ಗಂಟೆ. ಕೇಳಲು ಛಲೋ ಅನ್ನಿಸುತ್ತದೆ. ಅಮೆರಿಕದಲ್ಲಿ 2001ರಲ್ಲಿ ಸರ್ಕಾರಕ್ಕಾಗಿ ನಡೆದ ಅಧ್ಯಯನವೊಂದು ಇಂಥ ಮನೆಗಳಲ್ಲಿ ಒಬ್ಬರಿಗೆ ದಿನಕ್ಕೆ 4.1 ಗಂಟೆಯಾದರೂ ಬೇಕು, ಅದಕ್ಕಿಂತ ಕಡಿಮೆಯಾದರೆ ಆರೈಕೆ ಕೆಡುತ್ತದೆ ಎಂದಿತ್ತು. 2024ರಲ್ಲಿ ಅಲ್ಲಿನ ಸರ್ಕಾರ 3.48 ಗಂಟೆ ಕಡ್ಡಾಯ, ಅದರಲ್ಲಿ 0.55 ಗಂಟೆ ನೋಂದಾಯಿತ ನರ್ಸಿನದೇ ಇರಬೇಕು, 24 ಗಂಟೆಯೂ ನರ್ಸ್ ಇರಬೇಕು ಎಂದು ನಿಯಮ ತಂದಿತು. ಇಷ್ಟು ನರ್ಸ್‌ಗಳನ್ನು ಎಲ್ಲಿಂದ ತರುವುದೆಂದು ಮಾಲೀಕರು ನ್ಯಾಯಾಲಯಕ್ಕೆ ಹೋದರು, 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ನ್ಯಾಯಾಲಯ ನಿಯಮವನ್ನು ರದ್ದು ಮಾಡಿತು. ನಮ್ಮ 2007ರ ಕಾಯ್ದೆಯಲ್ಲಿ ಇಂಥ ಗಂಟೆಯ ಲೆಕ್ಕ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಗೆ ಐದು ಹಾಸಿಗೆಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಗೆ ಮೂರಕ್ಕೆ ಒಬ್ಬರು, ರಜೆಗೆಂದು ಮೇಲೆ ಶೇ. 30 ಎನ್ನುತ್ತದೆ. ಅದು ಆಸ್ಪತ್ರೆಯ ಮಾತು. ಆರೈಕೆ ಕೇಂದ್ರಕ್ಕೆ ಹೋದವರು ತಮ್ಮ ಲೆಕ್ಕ ತಾವೇ ಮಾಡಿಕೊಳ್ಳಬೇಕು.

ಮೂರೂವರೆ ಗಂಟೆಯನ್ನು ಬಿಚ್ಚಿ ನೋಡಿದರೆ ಬೇರೆಯದೇ ಕಾಣುತ್ತದೆ. ನರ್ಸಿನ 12 ಗಂಟೆ 24 ಜನಕ್ಕೆ ಹಂಚಿದರೆ ತಲೆಗೆ 30 ನಿಮಿಷ. ಹಗಲಿನ ಇಬ್ಬರು ಆಯಾಗಳು ನಾಲ್ಕು ನಾಲ್ಕು ಗಂಟೆ ರೊಟ್ಟಿ ಬಡಿಯಲು, ಬಟ್ಟೆ ಒಗೆಯಲು ಹೋಗುತ್ತಾರೆ. ಆ 8 ಗಂಟೆ ಕಳೆದರೆ ಒಟ್ಟು 76, ಒಬ್ಬರಿಗೆ 3 ಗಂಟೆ 10 ನಿಮಿಷ. ರಾತ್ರಿ ನರ್ಸ್ ಇಲ್ಲ, “ಫೋನ್ ಮಾಡಿದ್ರ ಬರ್ತಾರ” ಎಂಬ ಭರವಸೆ ಮಾತ್ರ.

ರಾತ್ರಿಯ ಲೆಕ್ಕ ಇನ್ನೂ ಬಿಗಿ. 24ರಲ್ಲಿ ಒಂಬತ್ತು ಜನ ಪೂರ್ತಿ ಹಾಸಿಗೆ ಹಿಡಿದವರು. ಒಬ್ಬರನ್ನು ಹೊಳ್ಳಿಸಿ, ಡೈಪರ್ ನೋಡಿ, ದಿಂಬು ಕೊಟ್ಟು ಮಲಗಿಸಲು ಇಬ್ಬರಿಗೆ ಹತ್ತು ನಿಮಿಷ ಹಿಡಿಯುತ್ತದೆ. ಒಂಬತ್ತು ಜನಕ್ಕೆ ಒಂದೂವರೆ ಗಂಟೆ. ಎರಡು ಗಂಟೆಗೊಮ್ಮೆ ಈ ಸುತ್ತು ಹೊಡೆಯಬೇಕು. ಉಳಿಯುವ ಅರ್ಧ ಗಂಟೆಯಲ್ಲಿ ಮಿಕ್ಕ ಹದಿನೈದು ಜನರ ಬಾತ್‌ರೂಮು, ನೀರು, ನಿದ್ದೆಗೆಟ್ಟು ಕೂಗುವವರು. ಇಬ್ಬರಲ್ಲಿ ಒಬ್ಬರು ಬರದಿದ್ದರೆ ಸುತ್ತು ನಿಧಾನವಾಗುವುದಲ್ಲ, ನಿಂತೇ ಹೋಗುತ್ತದೆ. ಅವ್ವನಂಥವರನ್ನು ಒಬ್ಬರೇ ಎಳೆದರೆ ಚರ್ಮ ಹಾಸಿಗೆಗೆ ತಿಕ್ಕಿ ಸುಲಿಯುತ್ತದೆ.

ಕೇಳಬೇಕಾದ ಇನ್ನೊಂದು ಸಂಖ್ಯೆ ಕೇಂದ್ರದ ಕೆಲಸಗಾರರ ಪಟ್ಟಿಯಲ್ಲಿ ಒಟ್ಟು ಎಷ್ಟು ಜನ ಎಂಬುದು. ಆಯಾಗಳ ವಾರದ ಕೆಲಸ 504 ಗಂಟೆ. ವಾರಕ್ಕೆ 48 ಗಂಟೆಯಂತೆ ಹತ್ತೂವರೆ ಜನ ಬೇಕು, ವಾರದ ರಜೆ, ಜ್ವರ, ಹಬ್ಬ ಸೇರಿಸಿದರೆ ಹದಿಮೂರು. ಅಲ್ಲಿ ಇದ್ದವರು ಎಂಟು. ಅಂದರೆ ಒಬ್ಬೊಬ್ಬರು ವಾರಕ್ಕೆ 63 ಗಂಟೆ ದುಡಿಯುತ್ತಿದ್ದರು. ಇದನ್ನು ನಾನು ಸೇರಿಸುವ ಮುಂಚೆ ಕೇಳಲಿಲ್ಲ. ಇವತ್ತಿನ ಡ್ಯೂಟಿ ಯಾದಿ ನೋಡಿ ಬಂದೆ, ಅದು ಪೂರ್ತಿ ತುಂಬಿತ್ತು. ನೋಡಬೇಕಾದದ್ದು ಕಳೆದ ತಿಂಗಳಿನ ಹಾಜರಿ ಪುಸ್ತಕ.

ಸಾಧ್ಯವಾದರೆ ರಾತ್ರಿ ಒಂಬತ್ತರ ಮೇಲೆ ಒಮ್ಮೆ ಹೋಗಿ. ಬೇಡ ಅಂದರೆ ಅದೂ ಒಂದು ಉತ್ತರವೇ. ಯೂರಿನ್ ಬ್ಯಾಗು ನೆಲಕ್ಕೆ ತಾಗಿದೆಯೇ, ಮೂರರಲ್ಲಿ ಎರಡು ಪಾಲು ತುಂಬಿದ್ದನ್ನು ಖಾಲಿ ಮಾಡಿದ್ದಾರೆಯೇ, ಟ್ಯೂಬಿನಲ್ಲಿ ಗಂಜಿ ಹಾಕುವಾಗ ತಲೆ ಭಾಗ ಎತ್ತಿದ್ದಾರೆಯೇ ನೋಡಿ. 30ರಿಂದ 45 ಡಿಗ್ರಿ ಎತ್ತಿ, ಹಾಕಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇಡಬೇಕು. ಕೈಗಳು ಕಡಿಮೆ ಇದ್ದಲ್ಲಿ ಗಂಜಿಯನ್ನು ಸಿರಿಂಜಿನಿಂದ ಒತ್ತಿ ಐದೇ ನಿಮಿಷದಲ್ಲಿ ಮುಗಿಸಿ ಮಲಗಿಸುತ್ತಾರೆ. ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಸಿರಿಂಜಿನ ಹಿಡಿ ತೆಗೆದು ತಾನಾಗಿ ಇಳಿಯಲು ಬಿಡಬೇಕು, ಮುಗಿದ ಮೇಲೆ 30 ಎಂ.ಎಲ್. ನೀರು ಹಾಕಿ ಟ್ಯೂಬ್ ತೊಳೆಯಬೇಕು.

ನವೆಂಬರ್ ಮೊದಲ ವಾರ ಸೇರಿಸಿದೆವು. ತಿಂಗಳಿಗೆ 22,000, ಎರಡು ತಿಂಗಳ ಮುಂಗಡ 44,000. ಡೈಪರ್, ಔಷಧಿ, ಫಿಸಿಯೋಥೆರಪಿ, ಆಸ್ಪತ್ರೆಗೆ ಕರೆದೊಯ್ದರೆ ಜೊತೆಗಿರುವವರ ಖರ್ಚು ಎಲ್ಲ ಬೇರೆ. ಸೇರಿ ಮೊದಲ ತಿಂಗಳು 31,400 ಆಯಿತು. ಜಿ.ಎಸ್.ಟಿ. ಬಗ್ಗೆಯೂ ಕೇಳಿ. ಆದಾಯ ತೆರಿಗೆಯಲ್ಲಿ ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿಸಿದ ಆಶ್ರಮ 60 ದಾಟಿದವರಿಂದ ತಿಂಗಳಿಗೆ 25,000ದವರೆಗೆ ತೆಗೆದುಕೊಂಡರೆ ಅದಕ್ಕೆ ಜಿ.ಎಸ್.ಟಿ. ಇಲ್ಲ. ತಮ್ಮದು ನರ್ಸಿಂಗ್ ಹೋಂ ಎಂದು ಹೇಳಿಕೊಳ್ಳುವವರಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ, ದರಪಟ್ಟಿ ಎದುರಿಗೇ ಕಾಣುವಂತಿರಬೇಕು.

ದಾಖಲೆಗಳಲ್ಲಿ ಸೇರುವವರು, ಸೇರಿಸುವವರು ಇಬ್ಬರದೂ ಆಧಾರ್ ಪ್ರತಿ, ಫೋಟೋ ನಾಲ್ಕು, ಡಿಸ್ಚಾರ್ಜ್ ಸಮರಿ, ಇತ್ತೀಚಿನ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಕರಾರಿನಲ್ಲಿ “ಯಾವುದೇ ಅನಾಹುತಕ್ಕೆ ಸಂಸ್ಥೆ ಹೊಣೆಯಲ್ಲ” ಎಂಬ ಸಾಲಿತ್ತು. ಅದನ್ನು ಹೊಡೆಸಲು ಆಗಲಿಲ್ಲ. ಅದರ ಕೆಳಗೆ ಕೈಯಲ್ಲಿ ಮೂರು ಸಾಲು ಸೇರಿಸಿ ಇಬ್ಬರೂ ಸಹಿ ಹಾಕಿದೆವು: ಎರಡು ಗಂಟೆಗೊಮ್ಮೆ ಹೊಳ್ಳಿಸುವ ಚಾರ್ಟ್ ಇಡುವುದು, ಚರ್ಮ ಕೆಂಪಾದರೆ ಅದೇ ದಿನ ಫೋನ್ ಮಾಡುವುದು, ರಾತ್ರಿ ಇಬ್ಬರಿಗಿಂತ ಕಡಿಮೆಯಾದರೆ ಮೊದಲೇ ತಿಳಿಸುವುದು. ಮುಂದೆ ಉಪಯೋಗಕ್ಕೆ ಬಂದದ್ದು ಈ ಮೂರು ಸಾಲೇ.

ನಡುವೆ ಎಣಿಸಿರದ ಒಂದು ತೊಡಕು ಬಂತು. ಅವ್ವನಿಗೆ ಬರುವ ಕುಟುಂಬ ಪಿಂಚಣಿಗೆ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. ಹೊಲದಲ್ಲಿ ದುಡಿದ ಕೈ, ಬೆರಳಚ್ಚು ಯಂತ್ರಕ್ಕೆ ಹತ್ತಲಿಲ್ಲ. ಮೂರು ದಿನ ಹೋಯಿತು. ಕೊನೆಗೆ ಫೋನಿನಲ್ಲಿ ಮುಖ ಗುರುತಿಸುವ ವಿಧಾನದಿಂದ ಆಯಿತು. ಕಿಟಕಿಯ ಹತ್ತಿರ ಬೆಳಕಿನಲ್ಲಿ ಕೂರಿಸಿ, ಮೂಗಿನ ಪ್ಲಾಸ್ಟರ್ ಸಣ್ಣದು ಮಾಡಿ, ಅವ್ವ ಕಣ್ಣು ಮಿಟುಕಿಸುವವರೆಗೂ ಕಾದೆವು. ಹಣ ತೆಗೆಯಲು ಸಹಿ ಹಾಕಲಾಗದವರು ಹೆಬ್ಬೆಟ್ಟು ಒತ್ತಬಹುದು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿಯೇ ಇರಬೇಕು. ಇದು ರಿಸರ್ವ್ ಬ್ಯಾಂಕಿನ ಸೂಚನೆ. 70 ದಾಟಿದವರಿಗೆ ಮನೆ ಬಾಗಿಲಿಗೆ ಬರುವ ಸೇವೆಯೂ ಇದೆ, ಅರ್ಜಿ ಬರೆದು ಕೊಡಿ.

ಸೇರಿಸಿದ ಮೊದಲ ಮೂರು ದಿನ ಬಹಳ ಮುಖ್ಯ. ಅವ್ವನ ತಲೆದೆಸೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆ: ಬಲಗಡೆ ಬಲ ಇಲ್ಲ, ಬಲಗೈ ಹಿಡಿದು ಎಳೆಯಬೇಡಿ, ನೋವಾದರೆ ಎಡಗೈಯಿಂದ ಸೆರಗು ಹಿಂಡುತ್ತಾರೆ, ಕಿವಿ ಛಲೋ ಕೇಳುತ್ತದೆ, ಎದುರಿಗೆ ಮಾತಾಡುವಾಗ ಜೋಕೆ. ಇಬ್ಬರು ಆಯಾಗಳು ಹೊರರಾಜ್ಯದವರು, ಹಿಂದಿ ಮಾತ್ರ ಬರುತ್ತಿತ್ತು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ‘ಹೊಳ್ಳು’, ‘ನೀರ ಬೇಕಾ’, ‘ಎಲ್ಲಿ ನೋವು’, ‘ಹಗೂರ’ ಈ ನಾಲ್ಕು ಮಾತನ್ನು ಹಿಂದಿ ಅಕ್ಷರದಲ್ಲಿ ಬರೆದು ಕೊಟ್ಟೆ. ಎರಡನೇ ವಾರಕ್ಕೆ ಅವ್ವ ಅವರ ಮಾತಿಗೆ ತಲೆ ಅಲ್ಲಾಡಿಸತೊಡಗಿದಳು.

ಮೊದಲ ಅನಾಹುತ ಡಿಸೆಂಬರ್ ಮೊದಲ ವಾರದಲ್ಲಿ, ಅದೂ ಪಾಳಿಯ ಗಡಿಯಲ್ಲಿ. ಸಂಜೆಯ ನರ್ಸ್ 8ಕ್ಕೆ ಹೊರಡಬೇಕು. ಐದು ಜನ ಶುಗರಿನವರು. ಆಕೆ 7:15ಕ್ಕೇ ಐವರಿಗೂ ಇನ್ಸುಲಿನ್ ಚುಚ್ಚಿ ಮುಗಿಸಿದ್ದರು. ಟ್ಯೂಬಿನಲ್ಲಿ ಗಂಜಿ ಹಾಕುವುದು ರಾತ್ರಿ ಪಾಳಿಯ ಕೆಲಸ, ಅವರು ಅವ್ವನ ಹತ್ತಿರ ಬಂದದ್ದು 8:40ಕ್ಕೆ. ಮೈಯೆಲ್ಲ ಬೆವರು, ಕೂಗಿದರೆ ಓಗೊಡಲಿಲ್ಲ. ಶುಗರ್ 58. ಅವ್ವನಿಗೆ ಕೊಡುವ ಮಿಶ್ರ ಇನ್ಸುಲಿನ್ ಚುಚ್ಚಿದ ಅರ್ಧ ಗಂಟೆಯಲ್ಲಿ ಆಹಾರ ಹೋಗಬೇಕು. 70ಕ್ಕಿಂತ ಕೆಳಗೆ ಇಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಟ್ಯೂಬಿನಲ್ಲಿ ಹಾಕಿ, 15 ನಿಮಿಷಕ್ಕೆ ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಟ್ಯೂಬಿಲ್ಲದವರಾದರೆ ನೇರ ಆಸ್ಪತ್ರೆಗೆ. ಆಯಾ ಫೋನ್ ಮಾಡಿದಾಗ ನಾನು ಹೇಳುತ್ತಾ ಹೋದೆ, ಅವಳು ಮಾಡುತ್ತಾ ಹೋದಳು. 9:10ಕ್ಕೆ ಶುಗರ್ 104ಕ್ಕೆ ಬಂತು. ಆ ಅರ್ಧ ಗಂಟೆ ಅವಳ ಧ್ವನಿ ನಡುಗುತ್ತಿದ್ದರೂ ಕೈ ನಿಲ್ಲಲಿಲ್ಲ.

ಇದಕ್ಕೆ ನರ್ಸನ್ನು ಬೈದು ಉಪಯೋಗ ಇರಲಿಲ್ಲ. ಪಾಳಿ ಬದಲಾಗುವ ಹೊತ್ತು, ಇನ್ಸುಲಿನ್ ಹೊತ್ತು, ಗಂಜಿಯ ಹೊತ್ತು ಮೂರೂ ಒಂದರ ಮೇಲೊಂದು ಬಿದ್ದಿದ್ದವು. ಮ್ಯಾನೇಜರ ಹತ್ತಿರ ಕೂತು ಗಂಜಿಯನ್ನು 7:30ಕ್ಕೆ ತಂದೆವು, ಇನ್ಸುಲಿನ್ ಚುಚ್ಚಿದ ಕೈಯೇ ಗಂಜಿ ಶುರು ಮಾಡಬೇಕೆಂದು ಬರೆಸಿದೆವು. ನೀವು ಸೇರಿಸುವ ಕೇಂದ್ರದಲ್ಲಿ ಈ ಮೂರು ಹೊತ್ತುಗಳನ್ನು ಮೊದಲ ದಿನವೇ ಅಕ್ಕಪಕ್ಕ ಬರೆದು ನೋಡಿ.

ಎರಡನೆಯದು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು ಮನೆಗೆ ಬರುವಾಗ ಸಂಜೆ. ಆಯಾಗಳೂ ಅದೇ ಊರುಗಳ ಮಕ್ಕಳು, ಅವರಿಗೂ ಹೊಲ ಇದೆ, ಮಕ್ಕಳಿದ್ದಾರೆ. ಹಬ್ಬಕ್ಕೆ ಹೋಗಬೇಡ ಎನ್ನಲು ಯಾರಿಗೂ ಹಕ್ಕಿಲ್ಲ. ಅದಕ್ಕೆ ಬದಲಿ ಜನ ಇಟ್ಟಿರುವುದು ಕೇಂದ್ರದ ಕೆಲಸ. ಆ ರಾತ್ರಿ, ಮಾರನೆಯ ರಾತ್ರಿ, ಎರಡೂ ದಿನ ಒಬ್ಬಳೇ ಇದ್ದಳು. 24 ಜನಕ್ಕೆ ಒಬ್ಬಳು. ನಮಗೆ ಫೋನ್ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೋದಾಗ ಅವ್ವ ನೆಟ್ಟಗೆ ಬೆನ್ನಿನ ಮೇಲೆ ಮಲಗಿದ್ದಳು. ಎಡ ಹಿಮ್ಮಡಿಯಲ್ಲಿ ಎಂಟಾಣೆಯಷ್ಟು ಅಗಲ ಕೆಂಪು. ಬೆರಳಿಂದ ಒತ್ತಿ ಬಿಟ್ಟೆ. ಒಳ್ಳೆಯ ಚರ್ಮವಾದರೆ ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾಗುತ್ತದೆ. ಇದು ಬಿಳಿಚಲಿಲ್ಲ, ಹಾಗೇ ಕೆಂಪಗಿತ್ತು. ಅದು ಮೊದಲ ಹಂತ. ಹೊಳ್ಳಿಸಿ ನೋಡಿದರೆ ಬಾಲಮೂಳೆಯ ಮೇಲೆ ಚರ್ಮದ ಮೇಲ್ಪದರ ಸುಲಿದು ಒದ್ದೆಯಾಗಿ ಹೊಳೆಯುತ್ತಿತ್ತು. ಎರಡನೆಯ ಹಂತ. ಗೋಡೆಯ ಚಾರ್ಟಿನಲ್ಲಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು ಎಲ್ಲ ಮನೆಗೂ ಟಿಕ್ಕು ಬಿದ್ದಿತ್ತು. ಒಂದೇ ಪೆನ್ನು, ಒಂದೇ ಓರೆ, ಒಂದೇ ಉಸಿರಿನಲ್ಲಿ ಹಾಕಿದ್ದು. ಆ ಬೆಳಗಿನ ಎಂಟು ಗಂಟೆಯ ಮನೆಗೂ ಟಿಕ್ಕು ಇತ್ತು. ನಾನು ನಿಂತಾಗ ಸಮಯ 7:35.

ಆ ಹುಡುಗಿಯನ್ನು ಕೇಳಿದೆ. “ಒಬ್ಬಾಕಿ ಹ್ಯಾಂಗ ಹೊಳ್ಳಸಲಿ ಅಕ್ಕಾರ, ಬರೀಲಿಲ್ಲಂದ್ರ ಪಗಾರದಾಗ ಹಿಡೀತಾರ” ಅಂದಳು. ತಿಂಗಳಿಗೆ 10,500 ಅವಳ ಪಗಾರ. ಸುಳ್ಳು ಟಿಕ್ಕು ಹಾಕಿದ್ದಕ್ಕೆ ಕೂಲಿ ಉಳಿಯುತ್ತದೆ, ನಿಜ ಬರೆದರೆ ಹೋಗುತ್ತದೆ ಎಂದಾದರೆ ಆ ಚಾರ್ಟನ್ನು ನಂಬಿ ಯಾರಿಗೂ ಪ್ರಯೋಜನವಿಲ್ಲ. ನಾನು ಮ್ಯಾನೇಜರರಿಗೆ ಕೊಟ್ಟ ಪತ್ರದಲ್ಲಿ ಅವಳ ಹೆಸರು ಬರೆಯಲಿಲ್ಲ. ಕರಾರಿನ ಮೂರು ಸಾಲು, ಎರಡು ರಾತ್ರಿಯ ಹಾಜರಿ, ಫೋಟೋ, ಡಿಸ್ಚಾರ್ಜ್ ದಿನದ ಚರ್ಮದ ಫೋಟೋ ಲಗತ್ತಿಸಿದೆ. ಸ್ವೀಕೃತಿ ಪ್ರತಿಗೆ ಸಹಿ, ಮೊಹರು ಹಾಕಿಸಿಕೊಂಡೆ. ಏಳು ದಿನ ಉತ್ತರ ಇರಲಿಲ್ಲ. 14567ಕ್ಕೆ ಫೋನ್ ಮಾಡಿ ದಾಖಲಿಸಿ, ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ ಒಂದು ಪ್ರತಿ ಕೊಟ್ಟ ಮೇಲೆ ಕರೆ ಬಂತು.

ಹುಣ್ಣಿನ ಬಗ್ಗೆ ಇಷ್ಟು. ಕೆಂಪಾದ ಜಾಗವನ್ನು ತಿಕ್ಕಬೇಡಿ, ಸ್ಪಿರಿಟ್, ಪೌಡರ್ ಹಚ್ಚಬೇಡಿ, ನಡುವೆ ತೂತಿರುವ ಗುಂಡನೆಯ ದಿಂಬಿನ ಮೇಲೆ ಕೂರಿಸಬೇಡಿ. ಮೊಣಕಾಲ ಕೆಳಗೆ ಮೀನಖಂಡದುದ್ದಕ್ಕೂ ದಿಂಬು ಕೊಟ್ಟರೆ ಹಿಮ್ಮಡಿ ಗಾಳಿಯಲ್ಲಿ ನಿಲ್ಲುತ್ತದೆ. ಪೂರ್ತಿ ಮಗ್ಗಲಾಗಿ ಮಲಗಿಸದೆ 30 ಡಿಗ್ರಿ ಓರೆ ಮಾಡಿ ಬೆನ್ನಿಗೆ ದಿಂಬು ಕೊಡಬೇಕು. ಎಳೆಯದೆ, ಕೆಳಗೆ ಹಾಸಿದ ಅಡ್ಡ ಬಟ್ಟೆ ಹಿಡಿದು ಇಬ್ಬರು ಎತ್ತಿ ಸರಿಸಬೇಕು. 3,200 ರೂಪಾಯಿಗೆ ಗಾಳಿಹಾಸಿಗೆ ತಂದೆವು. ಅದು ಬಂದರೆ ಹೊಳ್ಳಿಸುವುದು ತಪ್ಪುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ತಪ್ಪುವುದಿಲ್ಲ. ಕರೆಂಟು ಹೋದರೆ ಅದರ ಮೋಟಾರು ನಿಲ್ಲುತ್ತದೆ, ಗಾಳಿ ಇಳಿದು ಕಟ್ಟಿಗೆಯ ಮೇಲೆ ಮಲಗಿದಂತಾಗುತ್ತದೆ. ಇನ್ವರ್ಟರಿನ ಪ್ಲಗ್ಗಿಗೇ ಸಿಕ್ಕಿಸಿ. ದಿನಕ್ಕೆರಡು ಮೊಟ್ಟೆಯ ಬಿಳಿ, ಸೋಸಿದ ತೊಗರಿಬೇಳೆ ಕಟ್ಟು ಗಂಜಿಗೆ ಸೇರಿಸಿದೆವು. ಹಿಮ್ಮಡಿ ಐದು ದಿನಕ್ಕೆ ತಿಳಿಯಾಯಿತು. ಬಾಲಮೂಳೆಯದು ಮುಚ್ಚಲು ಐದು ವಾರ ಹಿಡಿಯಿತು.

ಮಾತುಕತೆಯಲ್ಲಿ ಮ್ಯಾನೇಜರು ಹೇಳಿದ ಕಷ್ಟವೂ ನಿಜವೇ. ಕಲಬುರಗಿಯಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಕೊರತೆ ಇಲ್ಲ. ಓದಿದವರು ಹೈದರಾಬಾದ್, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗುತ್ತಾರೆ, ಉಳಿದವರು ಸರ್ಕಾರಿ ನೌಕರಿಗೆ ಕಾಯುತ್ತಾರೆ. ವೃದ್ಧರ ಕೇಂದ್ರದ 16,000 ಪಗಾರಕ್ಕೆ, ಅದೂ ರಾತ್ರಿಗೆ, ಯಾರೂ ಬರುವುದಿಲ್ಲ. ನಾವು ಎಂಟು ಮನೆಯವರು ಸೇರಿ ಕೂತೆವು. ತಿಂಗಳಿಗೆ 1,500 ಹೆಚ್ಚು ಕೊಡಲು ಒಪ್ಪಿದೆವು, ಒಂದು ಷರತ್ತಿನ ಮೇಲೆ: ಆ ಹಣ ರಾತ್ರಿ ಪಾಳಿಗೇ ಹೋಗಬೇಕು, ಹಾಜರಿ ಪುಸ್ತಕ ನಮಗೆ ತೋರಿಸಬೇಕು. ಎಂಟು ಮನೆಯ 12,000ಕ್ಕೆ ಇನ್ನೊಬ್ಬ ಆಯಾ ಬಂದರು. ರಾತ್ರಿ ಈಗ ಮೂವರು. ಬರೆಯದ ಟಿಕ್ಕಿಗೆ ಪಗಾರ ಹಿಡಿಯುವುದು ನಿಂತಿತು. ಆಗದಿದ್ದರೆ ‘ಆಗಲಿಲ್ಲ, ಒಬ್ಬಳೇ ಇದ್ದೆ’ ಎಂದು ಬರೆಯಲು ಚಾರ್ಟಿನಲ್ಲಿ ಒಂದು ಮನೆ ಸೇರಿಸಿದ್ದಾರೆ. ಜನವರಿಯಲ್ಲಿ ಆ ಮನೆ ನಾಲ್ಕು ಸಲ ತುಂಬಿದೆ, ನಾಲ್ಕೂ ಸಲ ನಮಗೆ ಫೋನ್ ಬಂದಿದೆ. ರಾತ್ರಿ ನರ್ಸ್ ಇನ್ನೂ ಸಿಕ್ಕಿಲ್ಲ.

ಜನವರಿ ಕೊನೆಗೆ ನುಂಗುವ ಪರೀಕ್ಷೆ ಮಾಡಿ ಟ್ಯೂಬ್ ತೆಗೆದರು. ಅವ್ವ ಈಗ ಮೆತ್ತಗೆ ಕಲಸಿದ ಅನ್ನ-ಬೇಳೆ ಉಣ್ಣುತ್ತಾಳೆ. ಉಣಿಸಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕು, ಒಂದು ಊಟಕ್ಕೆ 35 ನಿಮಿಷ. ಟ್ಯೂಬ್ ತೆಗೆದರೆ ಆಯಾಗಳ ಕೆಲಸ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ. ಅವಸರ ಮಾಡಿದರೆ ಮತ್ತೆ ಕೆಮ್ಮು, ಮತ್ತೆ ನ್ಯುಮೋನಿಯಾದ ಭಯ. ಮಧ್ಯಾಹ್ನದ ಊಟಕ್ಕೆ ಮನೆಯವರೊಬ್ಬರು ಹೋಗುತ್ತೇವೆ.

ಮುಂದೆ ಬಿಸಿಲು ಬರುತ್ತದೆ. ಏಪ್ರಿಲ್-ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಒಡೆದ ಇನ್ಸುಲಿನ್ ಸೀಸೆಯ ಮೇಲೆ ಒಡೆದ ತಾರೀಖು ಬರೆಯಬೇಕು, ಸಾಮಾನ್ಯವಾಗಿ 28 ದಿನಕ್ಕೆ ಅದರ ಆಯಸ್ಸು ಮುಗಿಯುತ್ತದೆ. ನಮ್ಮ ಬಿಸಿಲಿಗೆ ಹೊರಗಿಡದೆ ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ. ಕೇಳಲಾಗದವರಿಗೆ ಬಾಯಾರಿಕೆ ಯಾರಿಗೂ ಕಾಣುವುದಿಲ್ಲ. ಅದಕ್ಕೆ ಗಂಟೆಗೊಮ್ಮೆ ನೀರು ಕೊಟ್ಟ ಲೆಕ್ಕಕ್ಕೂ ಚಾರ್ಟು ಕೇಳಿದ್ದೇನೆ.

ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆ. ತೇರಿನ ಆ ವಾರದ ರಾತ್ರಿ ಡ್ಯೂಟಿ ಯಾದಿ ನಿನ್ನೆಯೇ ಕೇಳಿ ತಂದೆ. ಎರಡು ರಾತ್ರಿ ಮೂವರ ಜಾಗದಲ್ಲಿ ಇಬ್ಬರ ಹೆಸರು ಮಾತ್ರ ಇದೆ. ಆ ಎರಡು ರಾತ್ರಿಗೆ ನಮ್ಮ ಮನೆಯಿಂದ ಒಬ್ಬರು, ಪಕ್ಕದ ಹಾಸಿಗೆಯ ಕಾಕಾ ಅವರ ಮನೆಯಿಂದ ಒಬ್ಬರು ಹೋಗಿ ಮಲಗುವುದೆಂದು ಮಾತಾಗಿದೆ.